ಮೈಕಿನಲ್ಲಿ ಹೋದ ಕಂತು

ಕಂತು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಫೋಟೋಗ್ರಾಫರ್ ದುರುಗೇಶನ ಮೂಗು ಕಾದ ಹಂಚಿನಂತಾಗುತ್ತಿತ್ತು. ಇವತ್ತು ಆ ಮಾತು ಪಾಮನಕಲ್ಲೂರಿನ ಮದುವೆ ಚಪ್ಪರಕ್ಕೇ ನಡೆದು ಬಂದಿತ್ತು. ತಂದವನು ಕ್ಯಾಮೆರಾಕ್ಕೆ ಸಾಲ ಕೊಟ್ಟ ಕಂಪನಿಯ ವಸೂಲಿಗಾರ ಪವನ.

"ಅಣ್ಣಾ, ಎರಡು ಕಂತು ಬಾಕಿ. ಹನ್ನೆರಡು ಸಾವಿರ ಕೊಡ್ರಿ, ಇಲ್ಲಾಂದ್ರ ಕ್ಯಾಮೆರಾ ಕೊಡ್ರಿ."

"ಲೇ, ತಾಳಿ ಕಟ್ಟಾಕತ್ತಾರ, ಕಣ್ಣಿಲ್ಲೇನು? ಆ ಕಡೆ ನಿಂದ್ರು!"

ಪಕ್ಕದಲ್ಲಿ ಎಲೆ ಅಡಿಕೆ ಅಗಿಯುತ್ತಿದ್ದ ವೆಂಕೋಬ ಕಾಕಾ ಸುಮ್ಮನಿರಬೇಕಲ್ಲ! "ರೊಕ್ಕ ಕೂಡಿಟ್ಟು ತಗೊಂಡಿದ್ರ ಈ ಫಜೀತಿ ಇತ್ತೇನಪ್ಪಾ?"

"ಕೂಡಿಡೂದ್ರಾಗ ಈ ಮದುಮಗನ ಮೊಮ್ಮಗನ ಮದುವಿ ಬರ್ತಿತ್ತು! ಹಳೇ ಕ್ಯಾಮೆರಾ ನೋಡಿ ನೀನೂ ಕೆಲಸ ಕೊಡಲಿಲ್ಲ. ಬಾಯಿ ಮುಚ್ಚು ಕಾಕಾ!"

ಪುಣ್ಯಕ್ಕೆ ಮದುಮಗಳ ಅಪ್ಪ ಗಾದಿಲಿಂಗಪ್ಪ ಮುಂಜಾನೆಯೇ ಪೂರಾ ಮಜೂರಿ ಕೊಟ್ಟಿದ್ದ. ಸರಿಯಾಗಿ ಹನ್ನೆರಡು ಸಾವಿರ. ಅಕ್ಷತೆ ಬಿದ್ದು ಮುಯ್ಯಿ ಹಾಕುವುದು ಶುರುವಾದ ಹೊತ್ತಿಗೆ ಪವನ ಮತ್ತೆ ವೇದಿಕೆಯ ಅಂಚಿಗೆ ಬಂದು ಕೆಮ್ಮಿದ. ದುರುಗೇಶನ ಪಿತ್ತ ನೆತ್ತಿಗೇರಿತು. ಒಂದು ಕಣ್ಣು ಕ್ಯಾಮೆರಾದಲ್ಲಿಟ್ಟುಕೊಂಡೇ ಜೇಬಿನಿಂದ ನೋಟಿನ ಕಟ್ಟು ಕಿತ್ತು, ಜನರ ತಲೆ ಮೇಲಿಂದ ಕೈ ಚಾಚಿದ. "ತಗೋ, ತೊಲಗು!"

ತಗೊಂಡವನು ಪವನ ಅಲ್ಲ, ಮದುಮಕ್ಕಳಿಗೆ ಬಂದ ಮುಯ್ಯಿ ಹಣ ಎಣಿಸಿ ಕೂಗುವ ಗಾಳೆಪ್ಪ. ಅಕ್ಷತೆ ಬಿದ್ದ ಮೇಲೆ ವೇದಿಕೆಯತ್ತ ಚಾಚಿದ ನೋಟೆಲ್ಲ ಮುಯ್ಯಿಯೇ ಎಂಬುದು ಅವನ ಲೆಕ್ಕ. ಎಣಿಸಿದವನೇ ಮೈಕಿಗೆ ಬಾಯಿ ಹಚ್ಚಿದ.

"ಮಸ್ಕಿ ಫೋಟೋ ದುರುಗೇಶ ಅವರಿಂದ ಹನ್ನೆರಡು ಸಾವಿರ ರೂಪಾಯಿ ಮುಯ್ಯೀ!"

ಚಪ್ಪರ ಬಾಯಿ ತೆರೆಯಿತು. ಮದುಮಗಳ ಸೋದರಮಾವ ಹಾಕಿದ್ದೇ ಐದು ಸಾವಿರ!

"ಏ, ಅದು ನನ್ನ ಕಂ..." ಎಂದು ನುಗ್ಗಿದವನ ಅಂಗಿಯನ್ನು ಕಾಕಾ ಜಗ್ಗಿದ. "ಹುಚ್ಚ ಆಗೀಯೇನು? ಮೈಕಿನ್ಯಾಗ ಕೂಗಿದ ಮುಯ್ಯಿ ವಾಪಸ್ ಕೇಳಿದ್ರ ಈ ಸೀಮಿಯೊಳಗ ನಿನಗ ಹೆಣ್ಣು ಯಾರು ಕೊಡ್ತಾರ?"

ಅಷ್ಟರಲ್ಲಿ ಗಾದಿಲಿಂಗಪ್ಪ ಓಡಿ ಬಂದು ತಬ್ಬಿಕೊಂಡ. ಕಣ್ಣಲ್ಲಿ ನೀರು. "ಕೊಟ್ಟ ಮಜೂರಿ ಹಂಗೇ ಮುಯ್ಯಿ ಹಾಕಿದಿ ತಮ್ಮಾ! ನಿನ್ನ ಮದುವ್ಯಾಗ ಒಂದು ರೂಪಾಯಿ ಕಡಿಮಿ ಇಲ್ದಂಗ ವಾಪಸ್ ಹಾಕ್ತೀನಿ."

"ನನಗ ಹೆಣ್ಣೇ ಗೊತ್ತಾಗಿಲ್ಲರೀ!" ದುರುಗೇಶ ಹಲ್ಲು ಕಡಿದ.

"ಅವಸರ ಏನದ? ರೊಕ್ಕ ನನ್ನ ಹಂತ್ಯಾಕ ಜೋಪಾನ ಇರ್ತದ."

ಪವನನ ಮುಖ ಕಪ್ಪಿಟ್ಟಿತ್ತು. "ಕಂತಿಗೆ ರೊಕ್ಕಿಲ್ಲ, ಮುಯ್ಯಿಗೆ ಹನ್ನೆರಡು ಸಾವಿರ! ನನ್ನ ಮುಂದ ದೌಲತ್ತು ತೋರಿಸ್ತೀರೇನಣ್ಣಾ?" ಎಂದವನೇ ದುರುಗೇಶನ ಕೊರಳಿನಿಂದ ಕ್ಯಾಮೆರಾ ಬಿಚ್ಚಿಕೊಂಡ. ಎಲ್ಲರೆದುರು ಕೂಗಾಡಿದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಕ್ಯಾಮೆರಾ ಹೋಗುತ್ತದೆ. ದುರುಗೇಶ ಕುದಿಯುವ ಸಾರಿನ ಗಡಿಗೆಯಂತೆ ಬುಸುಗುಟ್ಟುತ್ತ ನಿಂತ.

ಗಾಳೆಪ್ಪನ ಮೈಕು ಮತ್ತೆ ಗುಡುಗಿತು. "ದೊಡ್ಡ ಮುಯ್ಯಿ ಹಾಕಿದ ದುರುಗೇಶ ಅವರಿಗೆ ಶಾಲು ಹೊದಿಸ್ತೀವಿ! ಫೋಟೋದವರು ಎಲ್ಲಿದ್ರೂ ಲಗೂನ ಬರ್ರಿ!"

ನಾಲ್ಕು ಮಂದಿ ದುರುಗೇಶನನ್ನು ಎತ್ತಿ ಮದುಮಕ್ಕಳ ನಡುವೆ ನಿಲ್ಲಿಸಿದರು. ಕೊರಳಿಗೆ ಹಾರ, ಹೆಗಲಿಗೆ ಶಾಲು, ಕೈಗೆ ತೆಂಗಿನಕಾಯಿ ಬಂತು. ಫೋಟೋದವನು ಮಾತ್ರ ಬರಲಿಲ್ಲ. ಜನ ಅತ್ತಿತ್ತ ನೋಡಿದರು. ಕ್ಯಾಮೆರಾ ಹಿಡಿದು ಹೊರಟಿದ್ದ ಒಬ್ಬನೇ ಒಬ್ಬ ಕಣ್ಣಿಗೆ ಬಿದ್ದ. ಅವನನ್ನೇ ದಬ್ಬಿ ಮುಂದೆ ತಂದರು.

ಪವನ ಬೇರೆ ದಾರಿ ಕಾಣದೆ ಕ್ಯಾಮೆರಾ ಕಣ್ಣಿಗೆ ಹಿಡಿದ.

"ಅಣ್ಣಾ, ಮುಖ ಹಂಗ ಗಂಟು ಹಾಕಬ್ಯಾಡ್ರಿ. ಸ್ವಲ್ಪ ನಗ್ರಿ!"