ಏನ್ ಘಟನೆ ಆಗ್ಯಾದ್ರಿ, ಬಾಯಾರ?

ನಮ್ಮ ಕಲಬುರಗಿ ಕಡಿಯಿಂದ ನಾಸಿಕಕ್ಕ ಬಂದು ಬಿಲ್ಡಿಂಗ್ ಕೆಲಸ ಮಾಡೋರ ಮಕ್ಕಳಿಗೆ ನಾ ಸಾಲಿ ಕಲಿಸ್ತೀನಿ; ಟೀಚರ್ ಅಂದ್ರ ಅವರಿಗೆ 'ಬಾಯಾರು'. ಮಜ್ಜಿಗಿ ಕೊಟ್ರೂ ಊದಿ ಕುಡಿಯೋ ಮಂದಿ ಇವರು. ಬಾಯಿ ಸುಟ್ಕೊಂಡಾರ, ಪಾಪ, ಏನನ್ನೋದು? ಆದ್ರ ಅವರ ಸಂಶಯ ಎಲ್ಲಾ ಬಂದು ಬೀಳೋದು ನನ್ನ ಕೊರಳಿಗೇ. ಹೋದ ನವೆಂಬರದಾಗ ಸಂವಿಧಾನ ಕಲಿಸಾಕ ಹೋಗಿ ಸಾಕೋಸಾಕಾಯ್ತು.

೧. ಘಟನೆ

ಸಾಲ್ಯಾಗ ಸಂವಿಧಾನ ದಿನ. ನಾಲ್ಕನೇ ಕ್ಲಾಸಿನ ಹುಡುಗಿಯೊಂದು ಭಾಳ ಚುರುಕು. ಪೀಠಿಕೆ ಇಕೀನೇ ಹೇಳಬೇಕು ಅಂತ ನಾ ಹಟ ಹಿಡದೆ. ಮರಾಠಿಯೊಳಗ ಸಂವಿಧಾನಕ್ಕ 'ಘಟನಾ' ಅಂತಾರ. ಹುಡುಗಿ ಮನಿಗೆ ಹೋಗಿ, "ಅವ್ವಾ, ಸಾಲ್ಯಾಗ ಘಟನಾ ಅದ, ನಾನೇ ಮುಂದ" ಅಂದಾಳ. ಅವ್ವ ಸಿಮೆಂಟ್ ಕೈಲೇ ಓಡಿ ಬಂದಳು.

"ಏನ್ ಘಟನೆ ಆಗ್ಯಾದ್ರಿ, ಬಾಯಾರ? ಯಾರ ತಲಿ ಒಡದದ?"

"ಏನೂ ಆಗಿಲ್ಲವ್ವಾ. ಇಪ್ಪತ್ತಾರಕ್ಕ ಅದ."

"ಅಯ್ಯ! ಘಟನೆಗೂ ಮೊದ್ಲೇ ತಾರೀಖು ಇಟ್ಟೀರಿ?"

೨. ಕಲಂ

ಇದು ದೇಶ ನಡಸೋ ಪುಸ್ತಕ, ಇದರಾಗ ಎಲ್ಲಾರ ಹಕ್ಕು ಬರದಾರ, ನೂರಾರು ಕಲಂ ಅವ ಅಂತ ಅವ್ವಗ ತಿಳಿಸಿ ಹೇಳಿದೆ. ಕಲಂ ಅನಬಾರದಿತ್ತು. ಮರುದಿನ ಅಪ್ಪ ಬಂದ, ಚಪ್ಪಲಿ ಹೊರಗ ಬಿಟ್ಟು ಕೈ ಮುಗದ.

"ಸಣ್ಣ ಕೂಸದ್ರಿ, ಬಾಯಾರ. ಅಷ್ಟು ಕಲಂ ಹಾಕಬ್ಯಾಡ್ರಿ. ಈ ಊರಾಗ ಜಾಮೀನು ಕೊಡಾಕೂ ನಮಗ ಯಾರಿಲ್ಲ."

೩. ಶಿಕ್ಷಾ

ಅಷ್ಟರಾಗ ಯಾರೋ ಪುಣ್ಯಾತ್ಮರು ಸಾಲಿ ಗ್ವಾಡಿಗೆ ಹಿಂದಿ ಪೋಸ್ಟರ್ ಹಚ್ಚಿದ್ರು: 'ಶಿಕ್ಷಾ ಕಾ ಅಧಿಕಾರ್'. ಹಿಂದಿಯವರಿಗೆ ಶಿಕ್ಷಾ ಅಂದ್ರ ಓದು, ನಮಗ ಪೆಟ್ಟು. ಹುಡುಗಿ ಅದನ್ನ ಅವ್ವಗ ಓದಿ ತೋರಿಸಿದಳು.

"ಹೊಡಿಯೋ ಅಧಿಕಾರ ಗ್ವಾಡಿ ಮ್ಯಾಲೇ ಬರಸೀರಿ!" ಅಂತ ಅವ್ವ ಮಗಳ ರಟ್ಟಿ ಹಿಡಕೊಂಡು ಹೋದಾಕಿ ಹೋದಳೇ. ಹುಡುಗಿ ಅಳಕೋತ ತಿರುಗಿ ತಿರುಗಿ ನನ್ನ ನೋಡ್ತು.

೪. ನಡುವಿನಾಂವ

ಇಪ್ಪತ್ತೈದಕ್ಕ ನಾನೇ ಅವರ ತಗಡಿನ ಶೆಡ್ಡಿಗೆ ಹೋದೆ. "ಒಮ್ಮಿ ಕೇಳವ್ವಾ, ಆಮ್ಯಾಲ ಬ್ಯಾಡ ಅನ್ನು" ಅಂದೆ. ಹುಡುಗಿ ಕನ್ನಡದಾಗ ಪೂರಾ ಪೀಠಿಕೆ ಹೇಳಿತು. ಕಡೀಕ, "ಈ ಸಂವಿಧಾನವನ್ನು ನಮಗೆ ನಾವೇ ಅರ್ಪಿಸಿಕೊಂಡಿದ್ದೇವೆ."

ಅವ್ವ ಕಣ್ಣು ಸಣ್ಣ ಮಾಡಿದಳು. "ಹಂಗಂದ್ರ?"

"ನಮಗ ನಾವೇ ಕೊಟ್ಕೊಂಡೀವಿ ಅಂತ."

"ನಡುವ ಮುಕಾದಮ ಯಾರು?"

ಮುಕಾದಮ ಅಂದ್ರ ಊರಿಂದ ಕೂಲಿ ಮಂದಿ ಕರ್ಕೊಂಡು ಬಂದು, ಅವರ ಪಗಾರದಾಗ ತನ್ನ ಪಾಲು ಮುರ್ಕೊಳ್ಳೋ ಮಹಾನುಭಾವ.

"ಯಾರೂ ಇಲ್ಲವ್ವಾ."

"ಖರೇ?"

"ನನ್ನ ಆಣಿಗೂ."

ಆಕಿ ಗಂಡನ ಮಾರಿ ನೋಡಿದಳು, ಮಗಳ ಮಾರಿ ನೋಡಿದಳು.

"ಹಂಗಾರ ನಾಳೆ ಹೇಳ್ಲಿ ಬಿಡ್ರಿ. ಏ ಹುಡುಗಿ, ಒದರಿ ಹೇಳು, ಮುಕಾದಮಗೂ ಕೇಳಸಬೇಕು!"