ಟಿಕೆಟ್ ಇಲ್ಲದ ಗೋಧಿ

ನಮ್ಮ ಸೋದರಮಾವ ಬಸ್ಸಿನಿಂದ ಇಳಿದು ಎಷ್ಟೋ ವರ್ಷವಾಯಿತು; ಬಸ್ಸು ಮಾತ್ರ ಇವತ್ತಿಗೂ ಅವನ ಮೈಮೇಲಿಂದ ಇಳಿದಿಲ್ಲ! ಜಗಳೂರಿಂದ ಹೊನ್ನಾಳಿಗೆ ಓಡುತ್ತಿದ್ದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಕೆಲಸ ಬಿಟ್ಟ ದಿನ ಮಾಲೀಕರಿಗೆ ಚರ್ಮದ ಚೀಲ ಒಪ್ಪಿಸಿದ, ಸೀಟಿ ಒಪ್ಪಿಸಲಿಲ್ಲ. ಈಗ ಹೊನ್ನಾಳಿಯ ಮನೆಯಲ್ಲಿ ಆ ಸೀಟಿಯದೇ ಕಾರುಬಾರು. ಒಂದು ಸಲ ಊದಿದರೆ ಯಾರು ಏನೇ ಮಾಡುತ್ತಿದ್ದರೂ ನಿಲ್ಲಿಸಬೇಕು, ಎರಡು ಸಲ ಊದಿದರೆ ಮುಂದುವರಿಸಬಹುದು. "ಮೂರು ಸಲ ಊದಿದ್ರೆ ಏನಾಗುತ್ತೆ, ಅತ್ತೆ?" ಎಂದು ಒಮ್ಮೆ ಅವನ ಹೆಂಡತಿಯನ್ನು ಕೇಳಿದ್ದೆ. "ಊದಿ ನೋಡ್ಲಿ. ಅವತ್ತು ಟೀನೂ ಇಲ್ಲ, ಊಟಾನೂ ಇಲ್ಲ" ಎಂದಳು ಅತ್ತೆ.

ಇಂಥ ಮಾವನ ಕೈಗೆ ಈ ಸಲದ ಯುಗಾದಿ ಅಡುಗೆ ಸಿಕ್ಕಿತು ನೋಡಿ!

ಸಿಕ್ಕಿದ್ದು ಹೇಗೆಂದರೆ, ಜಗಳೂರಿನಲ್ಲಿರುವ ನನ್ನ ತಂಗಿಗೆ ಇಬ್ಬರು ಮಕ್ಕಳು. ದೊಡ್ಡವನು ಹುಡುಗ, ಚಿಕ್ಕವಳು ಏಳು ವರ್ಷದ ಹುಡುಗಿ. ತಿಂದದ್ದು ಮೈಗೆ ಹತ್ತದೆ ಸದಾ ಹೊಟ್ಟೆನೋವೆಂದು ಅಳುತ್ತಿದ್ದ ಚಿಕ್ಕವಳನ್ನು ಹೋದ ವರ್ಷ ದಾವಣಗೆರೆಯಲ್ಲಿ ಡಾಕ್ಟರಿಗೆ ತೋರಿಸಿದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಮಗುವಿಗೆ ಆಗುವುದಿಲ್ಲ. ಚಪಾತಿ, ಮೈದಾ, ರವೆ, ಶಾವಿಗೆ ಯಾವುದರ ಚೂರೂ ಸೋಕಬಾರದು ಎಂದರಂತೆ. ಅಂದಿನಿಂದ ಆ ಮಗುವಿನ ತಟ್ಟೆಯೇ ಬೇರೆ. ದೀಪಾವಳಿಗೆ ನಾವೆಲ್ಲ ಸಾಲಾಗಿ ಕೂತು ಹೋಳಿಗೆ ತಿಂದರೆ ಅವಳು ಗೋಡೆಯ ಮಗ್ಗುಲಿಗೆ ಕೂತು ಅನ್ನ, ಮೊಸರು ತಿಂದಳು. ಹತ್ತಿರ ಬಂದರೆ ಸಾಕು, ಅಣ್ಣ ತನ್ನ ತಟ್ಟೆಯನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಿದ್ದ. ಹಾಗೆ ಮಾಡೆಂದು ಅವನಿಗೆ ಹೇಳಿಕೊಟ್ಟಿದ್ದರು. ಅದನ್ನು ನೋಡಿದ ಮಾವ ಅರ್ಧ ಊಟಕ್ಕೇ ಕೈ ತೊಳೆದಿದ್ದ.

ಯುಗಾದಿ ಹತ್ತಿರ ಬಂದಾಗ ಅವನ ಫೋನು ಬಂತು. "ಈ ಸಲ ನಮ್ಮನೇಲಿ ಒಂದೇ ಪಂಕ್ತಿ, ಒಂದೇ ಅಡಿಗೆ. ಗೋಧಿಗೆ ಟಿಕೆಟ್ ಇಲ್ಲ!"

"ಹೋಳಿಗೆ, ಮಾವ?" ನನ್ನ ಜೀವ ಬಾಯಿಗೆ ಬಂದಿತ್ತು.

"ಹೋಳಿಗೇನೂ ಐತೆ."

"ಗೋಧಿ, ಮೈದಾ ಇಲ್ದೆ ಹೆಂಗೆ ಮಾಡ್ತೀಯ?"

"ನಿಂಗೆ ತಿನ್ನಾಕೆ ಬೇಕೋ, ಪ್ರಶ್ನೆ ಕೇಳಾಕೆ ಬೇಕೋ?"

ತಿನ್ನಾಕೇ ಬೇಕಿತ್ತು. ಮರುದಿನವೇ ಚನ್ನಗಿರಿಯಿಂದ ಬಸ್ಸು ಹತ್ತಿದೆ.

ಹೋಗಿ ನೋಡುತ್ತೇನೆ, ಅಡುಗೆಮನೆಯಲ್ಲಿ ಚೆಕಿಂಗ್ ನಡೆದಿದೆ! ಗೋಧಿಹಿಟ್ಟು, ರವೆ, ಶಾವಿಗೆ ಎಲ್ಲ ಪಕ್ಕದ ಮನೆಗೆ ಸಾಗಿದ್ದವು. ಹಳೆಯ ಮಣೆ, ಲಟ್ಟಣಿಗೆಗಳು ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಅಟ್ಟ ಸೇರಿದ್ದವು. ಹೊಸ ಹಂಚು ಬಂದಿತ್ತು. ಗಿರಣಿಯಲ್ಲಿ ಬೇರೆಯವರ ಗೋಧಿ ಬೆರೆತೀತೆಂದು ಅಕ್ಕಿಯನ್ನು ಮನೆಯಲ್ಲೇ ಮಿಕ್ಸಿಗೆ ಹಾಕಿ ಹಿಟ್ಟು ಮಾಡಿದ್ದರು. ಮಾವ ಕನ್ನಡಕದ ಮುಂದೆ ಭೂತಗನ್ನಡಿ ಹಿಡಿದು ಡಬ್ಬಿಗಳ ಮೇಲಿನ ಸಣ್ಣ ಅಕ್ಷರ ಓದುತ್ತಿದ್ದ. ಇದ್ದಕ್ಕಿದ್ದಂತೆ ಸೀಟಿ! ನಾನು ಬೆಚ್ಚಿಬಿದ್ದೆ.

"ಸಿಕ್ಕಿಬಿದ್ದ ಕಳ್ಳ! ಇಂಗಿನ ಡಬ್ಬಿಯಾಗೆ ಕುಂತಾನೆ!"

ನೋಡಿದರೆ ನಿಜ. ಇಂಗಿನ ಪುಡಿಗೆ ಗೋಧಿಹಿಟ್ಟು ಬೆರೆಸಿದೆ ಎಂದು ಡಬ್ಬಿಯ ಮೇಲೇ ಅಚ್ಚಾಗಿತ್ತು! ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇಂಗು ತೆಂಗು ಇದ್ರೆ ಮಂಗನೂ ಅಡಿಗೆ ಮಾಡುತ್ತೆ ಅಂತಾರೆ. ಈಗ ಇಂಗೂ ಹೋತಲ್ರೀ!"

"ಹೋಗ್ಲಿ ಬಿಡು. ತೆಂಗು ಐತಲ್ಲ."

"ಹೌದು, ಮಂಗಾನೂ ಐತೆ" ಎಂದು ಗೊಣಗುತ್ತ ಅತ್ತೆ ಬೆಳ್ಳುಳ್ಳಿ ಸುಲಿಯಲು ಕೂತಳು.

ನಿಜವಾದ ಪೇಚಾಟ ಕಣಕದ್ದು. ಅಕ್ಕಿಹಿಟ್ಟಿಗೆ ತಣ್ಣೀರು ಹಾಕಿ ಕಲಸಿದ ಮಾವನ ಮೊದಲ ಹೋಳಿಗೆ ಹಂಚು ಮುಟ್ಟುವ ಮೊದಲೇ ಹರಿದು ಹೂರಣವೆಲ್ಲ ಹೊರಗೆ ಬಂತು. "ಪಂಚರ್!" ಎಂದ. ಎರಡನೆಯದು ಪಂಚರ್ ಆಗಲಿಲ್ಲ. ಸ್ಟೆಪ್ನಿ ಟೈರಿನಂತೆ ದಪ್ಪಗಾಗಿ ನನ್ನ ಹಲ್ಲಿಗೂ ಮಣಿಯಲಿಲ್ಲ. ಕೊನೆಗೆ ಅತ್ತೆ ಅವನನ್ನು ಒಲೆಯ ಮುಂದಿನಿಂದ ಎಬ್ಬಿಸಿ, ರೊಟ್ಟಿಗೆ ಮಾಡುವ ಹಾಗೆ ಕುದಿಯುವ ನೀರಿಗೆ ಹಿಟ್ಟು ಹಾಕಿ ತಿರುವಿ, ಬಿಸಿಬಿಸಿಯಾಗೇ ನಾದಿ, ಬಾಳೆಎಲೆಗೆ ಎಣ್ಣೆ ಸವರಿ ತಟ್ಟಿದಳು. ಅದು ಹರಿಯಲಿಲ್ಲ. ಹರಿದವುಗಳನ್ನೆಲ್ಲ ತಿಂದು ಮುಗಿಸುವ ಭಾರ ಯಾರ ಮೇಲೆ ಬಿತ್ತೆಂದು ಬೇರೆ ಹೇಳಬೇಕೆ? ನನಗೇನೂ ಬೇಸರವಾಗಲಿಲ್ಲ.

ಹಬ್ಬದ ದಿನ ತಂಗಿಯೂ ಮಕ್ಕಳೂ ಬಂದರು. ಬೇವು ಬೆಲ್ಲ ಆಯಿತು. ಎಲ್ಲ ಸುಸೂತ್ರ ಎನ್ನುವಷ್ಟರಲ್ಲಿ ನ್ಯಾಮತಿಯ ನೆಂಟರು ಬಾಗಿಲಿಗೆ ಬಂದರು. ಮಗುವಿಗೆ ಹುಷಾರಿಲ್ಲವೆಂಬ ಸುದ್ದಿ ಅವರಿಗೂ ಮುಟ್ಟಿತ್ತು. ನಮ್ಮ ಕಡೆ ಹುಷಾರಿಲ್ಲದವರನ್ನು ನೋಡಲು ಯಾರಾದರೂ ಬರಿಗೈಲಿ ಹೋಗುತ್ತಾರೆಯೇ? ಬ್ರೆಡ್ಡು, ಬನ್ನು, ರಸ್ಕು, ಬೆಣ್ಣೆ ಬಿಸ್ಕತ್ತು! ಅರ್ಧ ಬೇಕರಿಯೇ ಚೀಲದಲ್ಲಿ ಬಂದಿತ್ತು.

"ಪಾಪ, ಮಗೀಗೆ ಗೋಧಿ ಆಗಲ್ವಂತೆ. ಅದ್ಕೇ ಬ್ರೆಡ್ ತಂದೀವಿ ನೋಡ್ರಿ!"

ಮಾವ ಸೀಟಿ ಊದಿದ್ದು ಹೊಳೆಯಾಚೆಗೂ ಕೇಳಿಸಿರಬೇಕು. "ಲಗೇಜ್ ಒಳಗೆ ಬಿಡಂಗಿಲ್ಲ! ಎಲ್ಲಾ ಟಾಪಿಗೆ ಹಾಕ್ರಿ!" ಎನ್ನುತ್ತ ತಾನೇ ಏಣಿ ಹತ್ತಿ ಚೀಲಗಳನ್ನು ತಾರಸಿಗೆ ಸಾಗಿಸಿದ. ಕೆಳಗಿಳಿದು, ತಾನೂ ಕೈ ತೊಳೆದು, ನೆಂಟರ ಕೈಯನ್ನೂ ಸೋಪು ಹಾಕಿ ತೊಳೆಸಿದ. "ಹೋಗಾವಾಗ ಕೇಳಿ ಇಸ್ಕಳ್ರಿ. ಕಳೆದ್ರೆ ನಾವು ಜವಾಬ್ದಾರರಲ್ಲ." ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಅವರು ಅಂಗೈ ಒರೆಸಿಕೊಳ್ಳುತ್ತ ನಿಂತರು.

"ಮುಂದೆ ಹೋಗ್ರಿ, ಮುಂದೆ ಖಾಲಿ ಐತೆ!" ಎಂದು ಕೂಗುತ್ತ ಪಂಕ್ತಿ ಕೂರಿಸಿದ್ದೂ ಮಾವನೇ. ಈ ಸಲ ಚಿಕ್ಕವಳು ಗೋಡೆಯ ಮಗ್ಗುಲಲ್ಲಿ ಅಲ್ಲ, ಸಾಲಿನ ನಟ್ಟನಡುವೆ. ಒಂದು ಪಕ್ಕದಲ್ಲಿ ಅವಳ ಅಣ್ಣ, ಇನ್ನೊಂದು ಪಕ್ಕದಲ್ಲಿ ನಾನು. ಎಲ್ಲರ ಎಲೆಗೂ ಹೋಳಿಗೆ ಬಿತ್ತು, ತುಪ್ಪ ಬಿತ್ತು. ಮಗು ಮಾತ್ರ ಮುಟ್ಟಲಿಲ್ಲ.

"ಅಜ್ಜ, ಇದರಾಗೆ ನಂದು ಯಾವುದು?"

"ಎಲ್ಲಾ ನಿಂದೇ ಕಣವ್ವ."

ಅವಳು ನಂಬಲಿಲ್ಲ. ನನ್ನ ಎಲೆ ನೋಡಿದಳು, ಅಣ್ಣನ ಎಲೆ ನೋಡಿದಳು, ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದ ಮೇಲೆ ಒಂದು ತುಣುಕು ಬಾಯಿಗಿಟ್ಟುಕೊಂಡಳು. ಆಮೇಲೆ ನೋಡಬೇಕಿತ್ತು! ತನ್ನದು ಮುಗಿದದ್ದೇ ತಡ, ಅವಳ ಕೈ ಮೆಲ್ಲಗೆ ಅಣ್ಣನ ಎಲೆಯತ್ತ ಹೊರಟಿತು.

ಅಣ್ಣ ಅಭ್ಯಾಸಬಲದಿಂದ ಎಲೆಗೆ ಎರಡೂ ಕೈ ಅಡ್ಡ ಹಿಡಿದ. ನನ್ನ ತಂಗಿ "ಏಯ್!" ಎಂದಳು. ಮಾವನ ಬಾಯಲ್ಲಿದ್ದ ಸೀಟಿಯೂ ಒಂದು ಸಲ ಕೂಗಿಬಿಟ್ಟಿತು. ಮಗುವಿನ ಕೈ ಅಲ್ಲೇ ನಿಂತಿತು.

ಆ ಎಲೆಯಲ್ಲಿರುವುದೂ ಅದೇ ಹೋಳಿಗೆಯೆಂದು ಆಮೇಲೆ ನಮಗೆಲ್ಲ ನೆನಪಾಯಿತು. ಮಾವ ಎರಡು ಸಲ ಊದಿದ. ಎರಡನೆಯದರಲ್ಲಿ ಬರೀ ಗಾಳಿ ಬಂತು. ಅಷ್ಟು ಸಾಕಾಯಿತು, ಹೋಳಿಗೆ ಹಾರಿಹೋಯಿತು.

"ಅಜ್ಜಾ, ನನ್ನ ಹೋಳಿಗೆ ಕದ್ಲು!" ಹುಡುಗ ಚೀರಿದ.

"ಕದೀಲಿ ಬಿಡಪ್ಪ" ಎಂದ ಮಾವ. ಸೀಟಿ ಅಂಗೈಯಲ್ಲಿತ್ತು, ಕಣ್ಣು ತುಂಬಿತ್ತು. "ಒಂದು ವರ್ಷ ಆತು, ಯಾರ ಎಲೆಗೂ ಕೈ ಹಾಕಿಲ್ಲ ನಮ್ಮವ್ವ."

ಹೋಳಿಗೆಯ ವಿಷಯದಲ್ಲಿ ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅವತ್ತು ಮಾತ್ರ ನನ್ನ ಎಲೆಯನ್ನು ಅವಳ ಕೈಗೆ ಎಟುಕುವಷ್ಟು ಹತ್ತಿರಕ್ಕೆ ಸರಿಸಿ, ಬೇರೆ ಕಡೆ ನೋಡುತ್ತ ಕೂತೆ.