ಕಾರಣದ ಖಾನೆ

ಎಪ್ಪತ್ತರ ದಶಕದ ಕೊನೆಯ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಸ್ಥಳ: ದೇವದುರ್ಗದ ನಮ್ಮ ಸಣ್ಣ ಸರ್ಕಾರಿ ಕಛೇರಿ. ಹಾಜರಿದ್ದವರು: ಗುಮಾಸ್ತ ಅಮರಪ್ಪ ಮತ್ತು ಆತನ ಸಾಲಿನ ಮೂವರು, ಟೈಪಿಸ್ಟ್ ದುರುಗಮ್ಮ, ಜವಾನ ಮಹಬೂಬ್ ಸಾಬ್, ಹೆಡ್ ಕ್ಲಾರ್ಕ್ ಆದ ನಾನು. ಸಾಹೇಬರು ಮೀಟಿಂಗಿಗೆಂದು ರಾಯಚೂರಿಗೆ ಹೋಗಿದ್ದರು. ಹೀಗೆ ಬರೆದುಕೊಳ್ಳದೆ ಯಾವ ಸಂಗತಿಯನ್ನೂ ಹೇಳಲು ನನಗೆ ಬಾರದು. ಮನೆಯಲ್ಲಿ ಹಾಲು ಉಕ್ಕಿದರೆ ಹೆಂಡತಿ ಒಲೆಯತ್ತ ಓಡುತ್ತಾಳೆ, ನಾನು ಗಡಿಯಾರ ನೋಡುತ್ತೇನೆ. “ನಿಮ್ಮನ್ನ ಹಡಿಯೂ ಮುಂದ ನಿಮ್ಮವ್ವ ರಜಾ ಅರ್ಜಿ ಕೊಟ್ಟಿರಬೇಕು” ಎಂದು ಆಕೆ ಒಮ್ಮೆ ಹಂಗಿಸಿದ್ದಳು. ಕೊಟ್ಟಿದ್ದರೆ ತಪ್ಪೇನು ಎಂದು ನಾನು ಕೇಳಿದೆ.

ನಾನೇ ಗೆರೆ ಹೊಡೆದು ಆರಂಭಿಸಿದ ವಹಿಯೊಂದು ಕಛೇರಿಯ ಬಾಗಿಲಲ್ಲಿತ್ತು. ಕಾಂಪೌಂಡಿನ ಗೇಟು ದಾಟುವವರು ಹೆಸರು, ಹೋದ ಹೊತ್ತು, ಬಂದ ಹೊತ್ತು, ಕಾರಣ ಬರೆಯಬೇಕು. ಜಾತಿ ಇಲ್ಲ, ಮತ ಇಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲ. ಸಮಾನತೆ ಎಂದರೆ ಇದೇ ಎಂದು ನಾನೊಂದು ಸಣ್ಣ ಭಾಷಣವನ್ನೂ ಮಾಡಿದ್ದೆ. ಚಪ್ಪಾಳೆ ತಟ್ಟಿದವನು ಮಹಬೂಬ್ ಸಾಬ್ ಒಬ್ಬನೇ, ಅದೂ ಸೊಳ್ಳೆ ಕೊಲ್ಲಲು ಎಂದು ಆಮೇಲೆ ತಿಳಿಯಿತು.

ದುರುಗಮ್ಮ ಅರಕೇರಾದ ಕೂಲಿ ಕುಟುಂಬದ ಹುಡುಗಿ. ನಮ್ಮ ಕಛೇರಿಗೆ ಬಂದ ಮೊದಲ ಹೆಣ್ಣುಮಗಳು. ಆಕೆ ಬಂದಾಗ ಹೊಸ ಕುರ್ಚಿ ತರಿಸಿ, ಉದಾರಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಆದರೆ ಆಕೆ ದಿನಕ್ಕೆರಡು ಸಲ ಗೇಟು ದಾಟುತ್ತಿದ್ದಳು. ಪ್ರತಿ ಸಲ ಇಪ್ಪತ್ತು ನಿಮಿಷ, ಕಾರಣದ ಖಾನೆ ಖಾಲಿ. ಎರಡು ಮೆಮೊ ಕೊಟ್ಟಾಗಿತ್ತು. ಪ್ರೊಬೇಷನ್ ಮುಗಿಯಲು ಒಂದೇ ತಿಂಗಳಿತ್ತು. ಮೂರನೆಯ ಮೆಮೊ ಆದರೆ ನೌಕರಿ ಖಾಯಂ ಆಗುವುದು ಕಷ್ಟ.

“ಎಲ್ಲಿಗೆ ಹೋಗ್ತೀ ಅಂತ ಬರಿಯವ್ವಾ, ಮುಗೀತು” ಎಂದೆ.

“ಅದು ಬರಿಯೂದಲ್ರೀ, ಸರ್.”

“ಹಂಗಾದ್ರ ಮೆಮೊ ಕೊಡಬೇಕಾಗ್ತದ.”

“ಕೊಡ್ರಿ. ನಾನೇ ಟೈಪ್ ಮಾಡಬೇಕಲ್ರೀ, ಎಷ್ಟು ಪ್ರತಿ ಬೇಕು ಹೇಳ್ರಿ.”

ಕಛೇರಿಯಲ್ಲಿ ಬೇರೆ ಟೈಪಿಸ್ಟ್ ಇರಲಿಲ್ಲ. ಮೊದಲಿನ ಎರಡನ್ನೂ ಆಕೆಯೇ ಟೈಪ್ ಮಾಡಿ, ಆಕೆಯೇ ಸಹಿ ಹಾಕಿ ತೆಗೆದುಕೊಂಡಿದ್ದಳು. ಮೂರನೆಯದಕ್ಕೆ ಆಕೆ ಕಾರ್ಬನ್ ಜೋಡಿಸುತ್ತಿದ್ದಂತೆ ಅಮರಪ್ಪ ಎದ್ದ. ವಹಿಯಲ್ಲಿ ಹೆಸರು, ಹೊತ್ತು ಬರೆದು, ಕಾರಣ ಬರೆಯದೆ ಚಹಾಕ್ಕೆ ಹೊರಟ. ಅವನ ಹಿಂದೆ ಉಳಿದ ಮೂವರೂ ಹಾಗೆಯೇ ಮಾಡಿದರು.

“ಅಮರಪ್ಪ, ಏನಿದು?”

“ನಾವೂ ಬರಿಯೂದಿಲ್ರೀ, ಸರ್. ದುರುಗಮ್ಮಾ, ನಮ್ಮ ನಾಕು ಮೆಮೊನೂ ಸೇರಿಸಿ ಹೊಡೀಬೇ. ನನ್ನ ಹೆಸರು ದಪ್ಪ ಅಕ್ಷರದಾಗ ಇರ್ಲಿ.”

ಎಲ್ಲರೂ ನಕ್ಕರು, ದುರುಗಮ್ಮನನ್ನು ಬಿಟ್ಟು. ಆಕೆಯ ಕಣ್ಣು ತುಂಬಿತ್ತು. ಆಗ ಮಹಬೂಬ್ ಸಾಬ್ ನನ್ನನ್ನು ಕಪಾಟಿನ ಮರೆಗೆ ಕರೆದ.

“ಸಾಬ್, ಗಂಡಸ್ರು ಹೊಟ್ಟಿಗೆ ನೀರು ಹಾಕ್ಕೊಂಡ್ರ ಎಲ್ಲಿಗೆ ಹೋಗ್ತಾರ?”

“ಹಿಂದಿನ ಬೇವಿನ ಗಿಡದ ಕಡಿಗೆ.”

“ಗಿಡ ಗೇಟಿನ ಒಳಗ ಅದ. ಬರಿಯೂ ಜರೂರಿಲ್ಲ. ಆ ಹುಡುಗಿ ಎಲ್ಲಿಗೆ ಹೋಗಬೇಕ್ರಿ? ಬಿಸಿಲಾಗ ಸಾಲಿ ಹೆಡ್ ಮಾಸ್ತರ್ ಮನಿತನಕ ನಡೀತಾಳ. ಅವರ ಮನ್ಯಾಗ ಪಾಯಖಾನಿ ಅದ.”

“ನಮ್ಮಲ್ಲೂ ಅದ ಅಲ್ಲೋ!”

“ಅದಕ್ಕ ಕೀಲಿ ಹಾಕೇದ. ಕೀಲಿಕೈ ನಿಮ್ಮ ಕಿಸೇದಾಗ ಅದ.”

ಇತ್ತು. ಸಾಹೇಬರಿಗೆಂದು ಕಟ್ಟಿಸಿದ ಅದಕ್ಕೆ ನಾನೇ ಬೀಗ ಹಾಕಿಸಿದ್ದೆ. ಸಾಹೇಬರು ವಾರಕ್ಕೊಮ್ಮೆ ಬಳಸುತ್ತಿದ್ದರೆ, ನಾನು ದಿನವೂ ಬಳಸುತ್ತಿದ್ದೆ. ಎಷ್ಟೋ ವರ್ಷ ಆ ವಹಿಯಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅದು ನನ್ನ ಶಿಸ್ತಿನ ಫಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಹನ್ನೆರಡು ಗಂಟೆಗೆ ಕಡತದಲ್ಲಿದ್ದ ಎರಡು ಮೆಮೊಗಳನ್ನೂ ಅರ್ಧ ಟೈಪಾಗಿದ್ದ ಮೂರನೆಯದನ್ನೂ ಹರಿದೆ. ಒಂದು ಗಂಟೆಗೆ ಪಾಯಖಾನೆಗೆ ಒಳಗಿನಿಂದ ಚಿಲಕ ಹಾಕಿಸಿದೆ. ಎರಡು ಗಂಟೆಗೆ ಆಕೆಯ ಪ್ರೊಬೇಷನ್ ವರದಿಯಲ್ಲಿ ‘ತೃಪ್ತಿಕರ’ ಎಂದು ಬರೆದು, ಹೊಡೆದುಹಾಕಿ, ‘ಅತ್ಯಂತ ತೃಪ್ತಿಕರ’ ಎಂದು ತಿದ್ದಿದೆ. ಕೀಲಿಕೈಯನ್ನು ದುರುಗಮ್ಮನ ಮೇಜಿನ ಮೇಲಿಟ್ಟೆ. “ಇನ್ನು ಇದು ನಿನ್ನ ಹತ್ರಾನೇ ಇರ್ಲಿ, ಯವ್ವಾ” ಎಂದೆ. ದೊಡ್ಡ ಮನುಷ್ಯನಂತೆ ಕುಳಿತು, ಆ ಖುಷಿಗೆ ಎರಡು ಗ್ಲಾಸು ಮಜ್ಜಿಗೆ ತರಿಸಿ ಕುಡಿದೆ.

ಮಜ್ಜಿಗೆ ಅದರ ಕೆಲಸ ಮಾಡಿತು. ಬೇವಿನ ಗಿಡದ ಬುಡದಲ್ಲಿ ನಿಂತು ನನಗೆ ರೂಢಿಯಿರಲಿಲ್ಲ. ಐದಕ್ಕೆ ಐದು ನಿಮಿಷವಿರುವಾಗ, ನಾಲ್ವರು ಗುಮಾಸ್ತರು ಲೇಖನಿ ಎತ್ತಿ ನೋಡುತ್ತಿರಲು, ದುರುಗಮ್ಮನ ಮೇಜಿನ ಮುಂದೆ ನಿಂತು ಕೀಲಿಕೈ ಕೇಳಿದೆ. ಆಕೆ ಟೈಪ್ ಮಾಡುವುದನ್ನು ನಿಲ್ಲಿಸದೆ, ಒಂದು ಕೈಯಿಂದ ಅದನ್ನು ನನ್ನ ಕಡೆ ಸರಿಸಿದಳು. ಕಾರಣ ಕೇಳಿಯಾಳೆಂದು ಒಂದು ಗಳಿಗೆ ನಿಂತೆ. ಕೇಳಲಿಲ್ಲ. ಅವಸರದಿಂದ ಹೋಗಿ ಬಂದು, ಕೀಲಿಕೈಯನ್ನು ಇದ್ದಲ್ಲಿಯೇ ಇಟ್ಟೆ. ಆ ದಿನ ನಾನು ಮುಗಿಸಿದ ಕೊನೆಯ ಕೆಲಸ ಅದು.